ಕಸ್ತೂರೆಮ್ಮ ಹೊರಿಸಿದ ಕಳವು

ಬಡವನ ಮೇಲೆ ಕಳವು ಹೊರಿಸಲು ಸಾಕ್ಷಿ ಬೇಕಾಗಿಲ್ಲ. ಇದು ನಿಮಗೆ ಗೊತ್ತಿರುವ ಮಾತೇ, ಗೊತ್ತಿಲ್ಲ ಎನ್ನಬೇಡಿ. ಮನೆಯಲ್ಲಿ ಒಂದು ಸಾಮಾನು ಕಾಣೆಯಾದರೆ ನಾವು ಮೊದಲು ಹುಡುಕುವುದು ಆ ಸಾಮಾನನ್ನಲ್ಲ, ನಿನ್ನೆ ಮನೆಯೊಳಗೆ ಬಂದು ಹೋದ ಆಳನ್ನು.

ಮಸ್ಕಿಯ ಕಸ್ತೂರೆಮ್ಮನಿಗೂ ಇದು ಗೊತ್ತಿತ್ತು. ಹನ್ನೊಂದು ವರ್ಷದಿಂದ ಗೊತ್ತಿತ್ತು. ಗೊತ್ತಿದ್ದೂ ಆಕೆ ದಿನಾ ಬೆಳಿಗ್ಗೆ ಹಣೆಗೆ ವಿಭೂತಿ ಧರಿಸಿ ಶಿವಶಿವಾ ಎಂದು ರೊಟ್ಟಿ ಬಡಿಯಲು ಕೂಡುತ್ತಿದ್ದಳು.

ಆಕೆಗೀಗ ಅರವತ್ತೆರಡು. ಗಂಡ ಕರಿಬಸಯ್ಯ ಮದುವೆ, ಮನೆ ಪ್ರವೇಶ, ನಾಮಕರಣಗಳಿಗೆ ಪೂಜೆ ಮಾಡಿಸಿ ಬರುವ ಅಯ್ಯ. ಆದರೆ ಮನೆ ನಡೆಯುವುದು ಆತನ ಮಂತ್ರದಿಂದಲ್ಲ, ಈಕೆಯ ಕಟಕ ರೊಟ್ಟಿಯಿಂದ. ಜೋಳದ ಹಿಟ್ಟನ್ನು ಹಾಳೆಯಷ್ಟು ತೆಳ್ಳಗೆ ಬಡಿದು, ಬೇಯಿಸಿ, ಗರಿಗರಿಯಾಗಿ ಒಣಗಿಸಿ ಸಿಂಧನೂರು, ಲಿಂಗಸುಗೂರಿನ ಖಾನಾವಳಿಗಳಿಗೆ ಕಳಿಸುತ್ತಾಳೆ. ಜೊತೆಗೆ ಬಡಿಯಲು ಓಣಿಯ ಭಾರತಿ ಮತ್ತು ಮೆಹಬೂಬ್‌ಬೀ ಬರುತ್ತಾರೆ. ಮೂರು ಹೆಂಗಸರು, ಮೂರು ಹಂಚು, ಗೋಡೆಯ ಮಾಡದಲ್ಲಿ ಒಂದು ರೇಡಿಯೋ. ಟೀವಿ ಇದ್ದರೆ ಕಣ್ಣು ಅತ್ತ ಹೋಗುತ್ತದೆ, ರೊಟ್ಟಿ ಸೀದುಹೋಗುತ್ತದೆ. ರೇಡಿಯೋ ಕಿವಿಯನ್ನಷ್ಟೇ ಕೇಳುತ್ತದೆ, ಕೈ ಬಿಟ್ಟುಕೊಡುತ್ತದೆ.

ಈ ಮಳೆಗಾಲದಲ್ಲಿ ಮಂಗಳವಾರ ಮಧ್ಯಾಹ್ನ ರೇಡಿಯೋದಲ್ಲಿ ಒಂದು ಹಳೆಯ ಪತ್ತೇದಾರಿ ನಾಟಕ ಮತ್ತೆ ಬರತೊಡಗಿತು. ಹೆಸರು ‘ಮೂರನೆಯ ಚಾವಿ’. ದೊಡ್ಡ ಮನೆಯೊಂದರ ಬೀರುವಿನಿಂದ ಮುತ್ತಿನ ಹಾರ ಮಾಯವಾಗುತ್ತದೆ. ಹಿಂದಿನ ದಿನ ಗೋಡೆ ಗಡಿಯಾರ ರಿಪೇರಿಗೆ ಬಂದಿದ್ದ ವೆಂಕೋಬ ಎಂಬವನನ್ನು ಹಿಡಿದು ಒಳಗೆ ಹಾಕುತ್ತಾರೆ. ಪತ್ತೇದಾರ ಶ್ರೀಕಂಠ ಬೂಟು ಟಪಟಪ ಅನ್ನಿಸುತ್ತ ಬಂದು, ಬೆಂಕಿಕಡ್ಡಿ ಗೀರಿ ಸಿಗರೇಟು ಹಚ್ಚಿ, ವಾರಕ್ಕೊಬ್ಬರನ್ನು ವಿಚಾರಿಸುತ್ತಾನೆ.

“ಈ ಮನಷ್ಯಾ ಕಡ್ಡಿ ಗೀರಿದಾಗೊಮ್ಮೆ ಒಬ್ಬೊಬ್ಬರ ಗುಟ್ಟು ಹೊರಗ ಬರ್ತಾವ ನೋಡ್ರಿ,” ಎಂದಳು ಭಾರತಿ. “ನಾನೂ ದಿನಾ ಒಲಿ ಹಚ್ಚಾಕ ಹನ್ನೆರಡು ಕಡ್ಡಿ ಗೀರ್ತೀನಿ, ಹೊಗಿ ಬಿಟ್ರ ಏನೂ ಬರಂಗಿಲ್ಲ.”

“ನಿನ್ನ ಗಂಡನ ಮುಂದ ಗೀರಬೇ, ಬರ್ತೈತಿ,” ಎಂದಳು ಮೆಹಬೂಬ್‌ಬೀ.

ಕದ್ದವರು ಯಾರೆಂದು ಮೂವರಿಗೂ ಪಂಥ. ಮೂರನೇ ವಾರಕ್ಕೇ ಕಸ್ತೂರೆಮ್ಮ ಹೇಳಿಬಿಟ್ಟಿದ್ದಳು: “ಆ ಮನಿ ಹಿರಿ ಅತ್ತೀಗಿ ಎಲ್ಲಾ ಗೊತ್ತೈತಿ. ಬಾಯಿ ಬಿಡವಲ್ಲಳು.”

“ಹೆಂಗ್ ಹೇಳ್ತೀರಿ ಅಮ್ಮಾರ?”

“ಆಕಿ ದನಿ ಕೇಳು. ಎಲ್ಲಾರಗಿಂತ ಜಾಸ್ತಿ ‘ಅಯ್ಯೋ ಪಾಪ’ ಅನ್ನಾಕಿ ಆಕೀನ.”

ಎಂಟನೇ ವಾರ, ಕೊನೆಯ ಕಂತು. ಹಾರ ಎತ್ತಿದ್ದು ಮನೆಯ ಯಜಮಾನನ ತಮ್ಮನ ಮಗ. ನೋಡಿಯೂ ಮನೆತನದ ಮರ್ಯಾದೆಗೆ ಅಂಜಿ ಸುಮ್ಮನಿದ್ದವಳು ಆ ಹಿರಿ ಅತ್ತೆ. ಆಕೆ ಗೊಳೋ ಎಂದು ಅತ್ತಳು. ಶ್ರೀಕಂಠ ಗಂಟಲು ಸರಿಮಾಡಿಕೊಂಡು “ವೆಂಕೋಬ, ನೀನಿನ್ನು ಹೋಗಬಹುದು,” ಎಂದ. ಕಬ್ಬಿಣದ ಬಾಗಿಲು ತೆರೆದ ಸದ್ದು, ಮೇಲೆ ವೀಣೆ. ಮುಗಿಯಿತು.

“ಹೋಗಬಹುದಂತ!” ಭಾರತಿ ಹಿಟ್ಟಿನ ಕೈ ಎತ್ತಿ ರೇಡಿಯೋದ ಮೇಲೇ ಹರಿಹಾಯ್ದಳು. “ಎಲ್ಲಿಗಿ ಹೋಗಬೇಕೋ ಅಂವಾ? ಇನ್ನ ಗಡಿಯಾರ ಬಿಚ್ಚಾಕ ಯಾರು ಕರೀತಾರೋ ಅವನ್ನ ಮನಿಯೊಳಗ?”

“ಖರೇ ಏನಂತ ಗೊತ್ತಾತಲ್ಲಬೇ ಈಗ,” ಎಂದಳು ಮೆಹಬೂಬ್‌ಬೀ.

“ಯಾರಿಗಿ ಗೊತ್ತಾತು? ಆ ಖೋಲ್ಯಾಗಿದ್ದ ಐದು ಮಂದಿಗಿ. ಕಳ್ಳ ಅಂದಿದ್ದು ಊರ ತುಂಬ. ಹೌದಿಲ್ರಿ ಅಮ್ಮಾರ?”

“ಹಂಚು ಕಾದೈತಿ. ಮಾತ್ ಬಿಟ್ಟು ಬಡೀರಿ,” ಎಂದಳು ಕಸ್ತೂರೆಮ್ಮ. ಎಂದೂ ಹಾಗೆ ಗದರದ ಹೆಂಗಸು. ಇಬ್ಬರೂ ಮುಖ ಮುಖ ನೋಡಿಕೊಂಡರು.

ಹನ್ನೊಂದು ವರ್ಷದ ಹಿಂದೆ ಕಸ್ತೂರೆಮ್ಮನ ಸಂಸಾರ ಲಿಂಗಸುಗೂರಿನಲ್ಲಿತ್ತು. ಶ್ರಾವಣ ಹತ್ತುವ ಮೊದಲು ಮನೆಗೆ ಸುಣ್ಣ ಹೊಡೆಸುವುದು ರೂಢಿ. ಆ ಓಣಿಗೆಲ್ಲ ಸುಣ್ಣ ಹೊಡೆಯುವವನು ಸಂತೆಕಲ್ಲೂರಿನ ಮುದುಕಪ್ಪ. ಹೆಸರಷ್ಟೇ ಮುದುಕಪ್ಪ, ಆಗವನಿಗೆ ನಲವತ್ತೂ ಆಗಿರಲಿಲ್ಲ. ಸುಣ್ಣ ಹೊಡೆಯುವವನ ಕಸುಬು ಎಂಥದೆಂದು ಒಮ್ಮೆ ಯೋಚಿಸಿ. ನೆಂಟರು ಪಡಸಾಲೆಯಲ್ಲೇ ನಿಲ್ಲುತ್ತಾರೆ. ಇವನು ಅಡುಗೆಮನೆಗೆ, ಮಲಗುವ ಖೋಲಿಗೆ, ದೇವರ ಮನೆಗೆ ಹೋಗಬೇಕು. ಕೈಯ ಕುಂಚಕ್ಕಿಂತ ಊರಿನ ನಂಬಿಕೆಯೇ ಅವನ ಹತಾರ.

ಕರಿಬಸಯ್ಯನ ಬಳಿ ಅಜ್ಜನ ಕಾಲದ ಬೆಳ್ಳಿ ಕರಡಿಗೆ ಇತ್ತು. ಕೊರಳಿನ ಲಿಂಗವನ್ನಿಡುವ ಪುಟ್ಟ ಸಂಪುಟ. ದಿನಾ ಅಯ್ಯ ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿಕೊಳ್ಳುತ್ತಿದ್ದ, ಹಬ್ಬಕ್ಕೆ ಮಾತ್ರ ಕರಡಿಗೆ. ಅವತ್ತು ಮುದುಕಪ್ಪ ದೇವರ ಮನೆಗೆ ಕಾಲಿಡುವ ಮೊದಲು ಕಸ್ತೂರೆಮ್ಮ ಫೋಟೋ, ಗಂಟೆ, ತಟ್ಟೆಗಳನ್ನೆಲ್ಲ ಪಡಸಾಲೆಯಲ್ಲಿಟ್ಟಳು. ಕರಡಿಗೆಯನ್ನು ಮಾತ್ರ ಅಲ್ಲಿಡಲಿಲ್ಲ. ಇವನ ಕೈ ತಾಕಬಾರದು, ಇವನ ನೆರಳೂ ಬೀಳಬಾರದು. ಮಡಿಬಟ್ಟೆಯಲ್ಲಿ ಸುತ್ತಿ, ಅಡುಗೆಮನೆಯ ಅಟ್ಟದ ಮೇಲೆ ಬೂದಿ ಕಲಸಿಟ್ಟಿದ್ದ ಹುರುಳಿ ಗಡಿಗೆಯೊಳಗೆ ಹೂತಳು. ಕಾಳಿನ ಗಡಿಗೆ, ಮೈಲಿಗೆ ಇಲ್ಲದ ಜಾಗ.

ಅದೇ ಮಧ್ಯಾಹ್ನ ಮುದಗಲ್ಲಿನಿಂದ ಫೋನು ಬಂತು, ಕಸ್ತೂರೆಮ್ಮನ ತಾಯಿಗೆ ಉಸಿರು ಸಾಗುತ್ತಿಲ್ಲ ಎಂದು. ಮನೆಯನ್ನು ಮುದುಕಪ್ಪನ ಕೈಗೆ ಬಿಟ್ಟು ಗಂಡ ಹೆಂಡತಿ ಸಿಕ್ಕ ಬಸ್ಸು ಹತ್ತಿದರು. ತಾಯಿ ಉಳಿಯಲಿಲ್ಲ. ಮಣ್ಣು, ದಿನಕರ್ಮ ಮುಗಿಸಿ ಹದಿನಾರನೇ ದಿನ ಬಂದಾಗ ಮನೆ ಬೆಳ್ಳಗೆ ಹೊಳೆಯುತ್ತಿತ್ತು, ದೇವರ ಮನೆಯಲ್ಲಿ ಕರಡಿಗೆ ಇರಲಿಲ್ಲ. ಗಡಿಗೆಯ ನೆನಪು ತಾಯಿಯ ಜೊತೆಗೇ ಮಣ್ಣಾಗಿತ್ತು. ಅಲ್ಲಿಯವರೆಗೆ ಅದು ತಪ್ಪಲ್ಲ, ಮರೆವು. ಮರೆವಿಗೆ ಯಾರನ್ನೂ ಬೈಯುವಂತಿಲ್ಲ.

ತಪ್ಪು ಶುರುವಾದದ್ದು ಮರುದಿನ. ಅಯ್ಯನ ಮನೆಯ ವಿಷಯ ಸ್ಟೇಷನ್ನಿಗೆ ಬೇಡವೆಂದು ಓಣಿಯ ಹಿರಿಯ ಬಾಲಪ್ಪ ಬಸವಣ್ಣನ ಗುಡಿಯ ಮುಂದೆ ಅಕ್ಕಿ ಅಗಿಸಿದ. ಮಂತ್ರಿಸಿದ ಅಕ್ಕಿ, ಅಗಿದು ಉಗುಳಿದಾಗ ಯಾರ ಅಕ್ಕಿ ಹಸಿಯಾಗದೆ ಒಣಹಿಟ್ಟಾಗಿ ಬೀಳುತ್ತದೋ ಅವನೇ ಕಳ್ಳ. ಅಗಿದವರು ಮೂವರು: ನೀರು ಹೊರುತ್ತಿದ್ದ ಹೆಂಗಸು, ಹಾಲು ಹಾಕುತ್ತಿದ್ದ ಮುದುಕ, ಮುದುಕಪ್ಪ. ಮನೆಯವರ್ಯಾರೂ ಅಗಿಯಲಿಲ್ಲ. ಅಗಿಯಬೇಕೆಂದು ಯಾರಿಗೂ ಹೊಳೆಯಲೂ ಇಲ್ಲ. ಮುದುಕಪ್ಪನನ್ನು ಬೇರೊಂದು ಮನೆಯಲ್ಲಿ ಸುಣ್ಣ ಹೊಡೆಯುತ್ತಿದ್ದಾಗಲೇ ಕರೆತಂದಿದ್ದರು. ಬೆಳಗಿನಿಂದ ಸುಣ್ಣದ ಧೂಳು ಕುಡಿದ ಬಾಯಿ, ಸುತ್ತ ಐವತ್ತು ಮಂದಿ. ಅಕ್ಕಿ ಹಿಟ್ಟಾಗಿ ಬಿತ್ತು.

ಮೊದಲು ಕೂಗಿದವಳು ಕಸ್ತೂರೆಮ್ಮ. “ನಾ ಅವತ್ತ ಅಂದಿದ್ನಿ! ಇವನ ಕಣ್ಣು ದೇವರ ಮನಿ ಮ್ಯಾಲೇ ಇತ್ತು!” ಆಕೆ ಹಾಗೆ ಎಂದೂ ಅಂದಿರಲಿಲ್ಲ. ಆ ಕ್ಷಣಕ್ಕೆ ಅಂದಿದ್ದೆನೆಂದೇ ಅನಿಸಿತು. ಬಕೆಟ್ಟು, ಕುಂಚ ರಸ್ತೆಗೆ ಬಿದ್ದವು. ಮುದುಕಪ್ಪನ ಬೆನ್ನಿಗೆ ಯಾರೋ ಚಪ್ಪಲಿಯಲ್ಲಿ ಹೊಡೆದರು. ಅಂದಿನಿಂದ ಅವನು ಕರಡಿಗಿ ಮುದುಕಪ್ಪ. ಕೋರ್ಟಾಗಿದ್ದರೆ ಸಾಕ್ಷಿ ಇಲ್ಲವೆಂದು ಬಿಡುತ್ತಿತ್ತೇನೋ, ಓಣಿ ಬಿಡಲಿಲ್ಲ. ಆರು ತಿಂಗಳಲ್ಲಿ ಒಂದು ಮನೆಯೂ ಅವನನ್ನು ಒಳಗೆ ಕರೆಯಲಿಲ್ಲ. ಅವನು ಹೆಂಡತಿ, ಮಗನನ್ನು ಕಟ್ಟಿಕೊಂಡು ಕಾಲುವೆ ಸೀಮೆಗೆ ಇಳಿದ.

ಸಂಕ್ರಾಂತಿಯ ಮುನ್ನಾದಿನ ಕಸ್ತೂರೆಮ್ಮ ಹುರುಳಿ ತೆಗೆಯಲು ಗಡಿಗೆಗೆ ಕೈ ಹಾಕಿದಳು. ಬೂದಿಯೊಳಗಿನಿಂದ ಮಡಿಬಟ್ಟೆ ಬಂತು.

ಮುಟ್ಟಬಾರದೆಂದು ಮುಚ್ಚಿಟ್ಟವಳು ಆಕೆಯೇ. ಮುಟ್ಟಿದನೆಂದು ಕೂಗಿದವಳೂ ಆಕೆಯೇ.

ಗಂಡನಿಗೆ ತೋರಿಸಿದಾಗ ಕರಿಬಸಯ್ಯ ಎದ್ದು ಬೀದಿ ಬಾಗಿಲು ಹಾಕಿ ಬಂದ. ಆಮೇಲೆ “ಬಾಯಿ ಮುಚ್ಚು. ಆಗಿದ್ದು ಆಗಿ ಹೋತು,” ಎಂದ. ಆಕೆ ಮುಚ್ಚಿದಳು. ಗಂಡ ಹೇಳಿದ ಅಂತ ಮುಚ್ಚಿದೆ ಎಂದು ಎಷ್ಟೋ ವರ್ಷ ತನಗೆ ತಾನೇ ಹೇಳಿಕೊಂಡಳು. ಅದೂ ಸುಳ್ಳು. ಆತ ಹಾಗೆ ಹೇಳಲೆಂದೇ ಕಾಯುತ್ತಿದ್ದಳು. ಮರುವರ್ಷ ನೀರಿನ ತೊಂದರೆ ಎಂದು ನೆಪ ಹೇಳಿ ಮಸ್ಕಿಗೆ ಬಂದರು.

ನಾಟಕ ಮುಗಿದ ಆ ಮಂಗಳವಾರ ಸಂಜೆ ಕಸ್ತೂರೆಮ್ಮ ಟ್ರಂಕಿನ ತಳದಿಂದ ಕರಡಿಗೆ ತೆಗೆದು ಗಂಡನ ಮುಂದಿಟ್ಟಳು. “ನಾ ಅವನ ಮನಿಗಿ ಹೋಗ್ತೀನಿ.”

“ಹುಚ್ಚು ಹಿಡದೈತೇನು? ಅಯ್ಯನ ಮನ್ಯಾಗ ಹಿಂಗಾತಂತ ಗೊತ್ತಾದ್ರ ನನ್ನ ಕೈಲೆ ಯಾರು ಪೂಜಿ ಮಾಡಸ್ತಾರ?”

“ಅವನ ಕೈಲೆ ಯಾರೂ ಸುಣ್ಣ ಹೊಡಸಲಿಲ್ರಿ.”

ಕರಿಬಸಯ್ಯ ಗೋಡೆಗೆ ಮುಖ ತಿರುಗಿಸಿದ. ಕಡೆಗೆ ಹೇಳಿದ್ದು ಇಷ್ಟು: “ಹೋಗೂದಾದ್ರ ಹೋಗು. ನನ್ನ ಹೆಸರು ತೆಗೀಬ್ಯಾಡ.”

ರೊಟ್ಟಿ ಗಂಟುಗಳನ್ನು ಸಿಂಧನೂರಿಗೆ ಒಯ್ಯುವ ಆಟೋದ ಕನಕರಾಜ ಸಂತೆಕಲ್ಲೂರಿನವನೇ. ಮುದುಕಪ್ಪ ಈಗ ಗೊರೇಬಾಳದಲ್ಲಿ ಭತ್ತದ ಗದ್ದೆ ಕೆಲಸಕ್ಕಿದ್ದಾನೆಂದು ಅವನೇ ಒಮ್ಮೆ ಮಾತಿನ ಮಧ್ಯೆ ಹೇಳಿದ್ದ. ಬೆಳಿಗ್ಗೆ ರೊಟ್ಟಿಯ ಜೊತೆ ಕಸ್ತೂರೆಮ್ಮನೂ ಹತ್ತಿ ಕುಳಿತಳು.

“ಕರಡಿಗಿ ಮನಿಗ್ಯಾಕ್ರಿ ಅಮ್ಮಾರ?” ಎಂದ ಕನಕರಾಜ, ಕೆಟ್ಟ ಮನಸ್ಸಿಲ್ಲದೆ. ಅವನಿಗೆ ಅದು ಬೈಗುಳವಾಗಿ ಉಳಿದೇ ಇರಲಿಲ್ಲ, ಮನೆತನದ ಹೆಸರಾಗಿಬಿಟ್ಟಿತ್ತು.

ಮುದುಕಪ್ಪನ ಮನೆ ಕಾಲುವೆಯ ಪಕ್ಕದ ತಗಡಿನ ಮನೆ. ಹೆಂಡತಿ ಯಮನೂರಮ್ಮ ಬಾಗಿಲಲ್ಲೇ ಗುರುತು ಹಿಡಿದಳು. ಬೈಯಲಿಲ್ಲ, ಒಂದು ತಂಬಿಗೆ ನೀರು ತಂದಿಟ್ಟಳು. “ಕುಡಿಯೂದು ಬಿಡೂದು ನಿಮಗ ಬಿಟ್ಟಿದ್ದು.” ಕಸ್ತೂರೆಮ್ಮ ಕುಡಿದಳು. ಮುದುಕಪ್ಪ ಗದ್ದೆಯಿಂದ ಬಂದು, ಕೆಸರುಗಾಲಲ್ಲೇ ಹೊಸ್ತಿಲ ಮೇಲೆ ಕುಳಿತ. ಹೆಸರಿಗೆ ತಕ್ಕ ಹಾಗೆ ಈಗ ಮುದುಕನೇ ಆಗಿದ್ದ.

ಆಕೆ ಕರಡಿಗೆ ತೆಗೆದು ಇಬ್ಬರ ನಡುವೆ ಇಟ್ಟಳು. “ನೀ ತಗೊಂಡಿದ್ದಿಲ್ಲಪ್ಪ. ನಾನೇ ಇಟ್ಟು ಮರ್ತಿದ್ನಿ. ಹುರುಳಿ ಗಡಿಗ್ಯಾಗ ಸಿಕ್ತು.”

ಯಮನೂರಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡಳು. “ಯವ್ವಾ! ಈಗರ ಸಿಕ್ತಲ್ಲ. ದೇವರು ಕಣ್ಣು ಬಿಟ್ಟ ನೋಡ್ರಿ.” ಆಕೆಯ ಕಣ್ಣಲ್ಲಿ ನೀರು ಬಂದಿತ್ತು, ಕ್ಷಮಿಸಿದವರ ನೀರು.

ಮುದುಕಪ್ಪ ಕರಡಿಗೆಯನ್ನು ಮುಟ್ಟದೆ ನೋಡಿದ. ಆ ವಸ್ತುವನ್ನು ಅವನು ಜೀವನದಲ್ಲಿ ಕಂಡಿದ್ದೇ ಅಂದು ಮೊದಲು. “ಯಾವಾಗ ಸಿಕ್ತ್ರಿ?”

ಅಷ್ಟು ದೂರ ಆಟೋದಲ್ಲಿ ಬರುತ್ತ ಕಸ್ತೂರೆಮ್ಮ ಎಲ್ಲ ಪ್ರಶ್ನೆಗಳಿಗೂ ಉತ್ತರ ಜೋಡಿಸಿಕೊಂಡಿದ್ದಳು. ಇದೊಂದನ್ನು ಅವನು ಕೇಳದಿರಲಿ ಎಂದು ಬೇಡಿಕೊಂಡಿದ್ದಳು. ಮೊನ್ನೆ ಅನ್ನಬಹುದಿತ್ತು. ಯಾರು ಕಂಡಿದ್ದರು?

“ಅದೇ ವರ್ಷಪ್ಪ. ಸಂಕ್ರಮಣಕ್ಕ.”

ಯಮನೂರಮ್ಮನ ಮುಖ ಬದಲಾಗಲು ಅರೆಗಳಿಗೆ ಹಿಡಿಯಿತು.

“ಅದೇ ವರ್ಷ? ಅವಾಗ ನಾವು ಇನ್ನೂ ಊರು ಬಿಟ್ಟಿದ್ದಿಲ್ಲ! ನನ್ನ ಮಗ ಹುಲಿಗೇಶ ಸಾಲಿಗಿ ಹೋದ್ರ ಹುಡುಗ್ರು ಕರಡಿಗಿ ಕರಡಿಗಿ ಅಂತಿದ್ರು, ಪಾಟಿಚೀಲ ಬಿಸಾಕಿ ಬಂದ, ತಿರಗಿ ಹೋಗಲಿಲ್ಲ. ಈಗ ಭತ್ತದ ಮಿಷನ್ ಹಿಂದ ತಿರಗ್ತಾನ. ನಾನ... ನಾನೂ ಒಮ್ಮಿ ಕೇಳಿದ್ನಿ ಇವನ್ನ. ಇವನ ಜೋಡಿ ಸಂಸಾರ ಮಾಡಿದಾಕಿ, ನಾನೇ ಕೇಳಿದ್ನಿ, ಖರೇ ಹೇಳು, ತಗೊಂಡೀಯೇನು ಅಂತ! ಎರಡು ದಿನ ಕೂಳು ಮುಟ್ಟಲಿಲ್ಲ ಇಂವಾ. ನಿಮಗ ಗೊತ್ತಿತ್ತು. ನಿಮಗ ಗೊತ್ತಿತ್ತಲ್ರೀ!”

ಕಸ್ತೂರೆಮ್ಮ ಅವರ ಕಾಲಿಗೆ ಬೀಳಲು ಬಾಗಿದಳು. ಮುದುಕಪ್ಪ ಕಾಲು ಹಿಂದಕ್ಕೆ ಎಳೆದುಕೊಂಡ.

“ಏಳ್ರಿ. ಕಾಲಿಗಿ ಬಿದ್ರ ನಿಮಗ ಹಗುರಾಗ್ತೈತಿ, ನನಗೇನೂ ಆಗಂಗಿಲ್ಲ.” ದನಿ ಏರಿರಲಿಲ್ಲ. “ನನ್ನ ಮುಂದ್ಯಾಕ ಹೇಳಾಕ ಬಂದೀರಿ? ನಾ ತಗೊಂಡಿಲ್ಲಂತ ನನಗ ಅವತ್ತೇ ಗೊತ್ತಿತ್ತು. ಗೊತ್ತಿಲ್ಲದವ್ರಿಗಿ ಹೇಳ್ರಿ. ಎಲ್ಲಿ ಅಂದಿದ್ರಿ, ಅಲ್ಲಿ ಹೇಳ್ರಿ.”

“ನೀನೂ ಬಾರಪ್ಪ. ನಿನ್ನ ಮುಂದೇ ಹೇಳ್ತೀನಿ.”

“ನಾ ಬರಂಗಿಲ್ಲ. ಅವತ್ತು ಕರದಿದ್ರಿ, ಬಂದಿದ್ನಿ.”

ಆಟೋ ಸಿಂಧನೂರಿನ ಕಡೆ ತಿರುಗುವವರೆಗೂ ಕಸ್ತೂರೆಮ್ಮ ಹಿಂತಿರುಗಿ ನೋಡಲಿಲ್ಲ. ಕ್ಷಮೆ ತರಲು ಹೋದವಳು ಕೆಲಸ ಹೊತ್ತು ಬಂದಿದ್ದಳು.

ಮುಂದಿನ ಸೋಮವಾರ ಆಕೆ ಲಿಂಗಸುಗೂರಿನ ಆ ಓಣಿಗೆ ಹೋದಳು. ಜೊತೆಗೆ ಭಾರತಿ. ದಾರಿಯಲ್ಲಿ ಬಸ್ಸಿನಲ್ಲೇ ಆಕೆಗೆ ಎಲ್ಲ ಹೇಳಿಬಿಟ್ಟಿದ್ದಳು. ಸದಾ ಬಾಯಿ ನಿಲ್ಲದ ಭಾರತಿ ಮಸ್ಕಿಯಿಂದ ಲಿಂಗಸುಗೂರಿನವರೆಗೆ ಒಂದೇ ಮಾತು ಆಡಿದಳು: “ಅದಕ್ಕಾ ಆ ಅತ್ತಿ ದನಿ ನಿಮಗ ಗೊತ್ತಾತು.”

ಗುಡಿಯ ಮುಂದೆ ಬೆಳಗಿನ ಪೂಜೆ ಮುಗಿದು ಇಪ್ಪತ್ತು ಇಪ್ಪತ್ತೈದು ಮಂದಿ ಪ್ರಸಾದಕ್ಕೆ ನಿಂತಿದ್ದರು. ಬಾಲಪ್ಪ ಕಟ್ಟೆಯ ಮೇಲೆ ಕೋಲು ಹಿಡಿದು ಕುಳಿತಿದ್ದ. “ಬರ್ರಿ ಅಮ್ಮಾರ, ಎಷ್ಟು ವರ್ಷಾತು!” ಎಂದು ಜಾಗ ಬಿಟ್ಟ. ಕಸ್ತೂರೆಮ್ಮ ಕೂಡಲಿಲ್ಲ. ಕರಡಿಗೆಯನ್ನು ಎಲ್ಲರಿಗೂ ಕಾಣುವಂತೆ ಕಟ್ಟೆಯ ಮೇಲಿಟ್ಟಳು.

“ನಮ್ಮ ಕರಡಿಗೀನ ಮುದುಕಪ್ಪ ಕದ್ದಿದ್ದಿಲ್ಲ. ನಾನೇ ಇಟ್ಟು ಮರ್ತಿದ್ನಿ. ಐದು ತಿಂಗಳಿಗೇ ಹುರುಳಿ ಗಡಿಗ್ಯಾಗ ಸಿಕ್ಕಿತ್ತು. ನನಗ ಗೊತ್ತಿತ್ತು, ಅಯ್ಯಾರಿಗೂ ಗೊತ್ತಿತ್ತು. ಇಬ್ಬರೂ ಮುಚ್ಚಿಟ್ವಿ.”

ಗಂಡನ ಹೆಸರು ಬಿಟ್ಟು ಹೇಳಿದರೆ ಅರ್ಧ ಸುಳ್ಳಾಗುತ್ತಿತ್ತು. ಅರ್ಧ ಸುಳ್ಳಿನ ರುಚಿ ಆಕೆಗೆ ಚೆನ್ನಾಗಿ ಗೊತ್ತಿತ್ತು.

ಊರು ಬೆಚ್ಚಿ ಬಿದ್ದೀತು, ಯಾರಾದರೂ ತನ್ನ ಮುಖಕ್ಕೆ ಉಗುಳಿಯಾರು ಎಂದು ಆಕೆ ಅಂದುಕೊಂಡಿದ್ದಳು. ಉಗುಳಿದ್ದರೆ ಒಳ್ಳೆಯದಿತ್ತು. ಒಬ್ಬಾತ “ಹಳೇದು, ಹೋಗ್ಲಿ ಬಿಡ್ರಿ,” ಎಂದ. ಇನ್ನೊಬ್ಬಳು “ನನಗ ಅವತ್ತೇ ಡೌಟಿತ್ತು,” ಎಂದಳು. ಅವತ್ತು ಚಪ್ಪಲಿ ಎತ್ತಿದವನ ಹೆಂಡತಿ. ಬಾಲಪ್ಪ ಮಾತ್ರ ಕರಡಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿ ತಲೆಯಾಡಿಸಿದ.

“ಅಕ್ಕಿ ಸುಳ್ಳು ಹೇಳಂಗಿಲ್ರಿ ಅಮ್ಮಾರ. ಅಂವಾ ಕದ್ದಿದ್ದು ಖರೇ. ಅಂಜಿಕಿಲೆ ತಂದು ನಿಮ್ಮ ಗಡಿಗ್ಯಾಗ ಇಟ್ಟು ಹೋಗಿರಬೇಕು.”

ಎರಡು ಮೂರು ತಲೆಗಳು ಹೌದೆಂಬಂತೆ ಆಡಿದವು. ಕಸ್ತೂರೆಮ್ಮ ಆ ತಲೆಗಳನ್ನು ನೋಡಿದಳು. ತಾನು ಹುಟ್ಟಿಸಿದ ಸುಳ್ಳು ಈಗ ತನ್ನ ಮಾತನ್ನೂ ಕೇಳುತ್ತಿಲ್ಲ. ಹನ್ನೊಂದು ವರ್ಷ ಊರವರ ಕೈ ತುತ್ತು ತಿಂದು ಬೆಳೆದಿದೆ. ಹೆತ್ತವಳನ್ನೇ ಯಾರು ನೀನು ಎನ್ನುತ್ತಿದೆ.

“ಅಕ್ಕಿ ಏನೂ ಹೇಳಿದ್ದಿಲ್ಲ ಬಾಲಪ್ಪನೋರ,” ಎಂದಳು. “ಹೇಳಿದಾಕಿ ನಾನು. ಆ ಗಡಿಗ್ಯಾಗ ಇಟ್ಟಿದ್ದು ಇದೇ ಕೈ. ನನ್ನ ಮಾತು ಅವತ್ತು ಒಂದ ಸಲಕ್ಕ ನಂಬಿದ್ರಿ. ಇವತ್ತ್ಯಾಕ ನಂಬವಲ್ರಿ?”

ಬಾಲಪ್ಪ ಕೋಲೂರಿಕೊಂಡು ಎದ್ದು ಹೋದ. ಅವನಿಗೂ ಒಂದು ಮರ್ಯಾದೆ ಇದೆಯಲ್ಲ.

ಆಗ ಆಕೆ ಮನೆ ಮನೆ ತಿರುಗಲು ಶುರುಮಾಡಿದಳು. ಓಣಿಯಲ್ಲಿ ಮೂವತ್ತೊಂದು ಮನೆ. ಒಂದು ಮನೆಯಲ್ಲಿ ಚಹಾ ಕೊಟ್ಟು ಮಳೆಯ ಮಾತು ತೆಗೆದರು. ಒಂದು ಬಾಗಿಲು ಮುಚ್ಚಿತು. ಜಯಶ್ರೀ ಎಂಬ ಸೊಸೆಯೊಬ್ಬಳು, ಆ ಘಟನೆಯಾದ ಎಷ್ಟೋ ವರ್ಷದ ಮೇಲೆ ಮದುವೆಯಾಗಿ ಬಂದವಳು, ಬಾಗಿಲಲ್ಲೇ ನಿಂತು ಕೇಳಿ, “ಅಂದ್ರ ಕರಡಿಗಿ ಮುದುಕಪ್ಪ ಖರೇನೇ ಇದ್ದಾನೇನ್ರಿ? ನಮ್ಮತ್ತಿ, ಬಾಗಲಾ ಹಾಕಿಲ್ಲಂದ್ರ ಕರಡಿಗಿ ಮುದುಕಪ್ಪ ಬರ್ತಾನ ಅಂತ ನನ್ನ ಮಗಳಿಗಿ ಅಂಜಸ್ತಾರ,” ಎಂದಳು.

ಕಸ್ತೂರೆಮ್ಮ ಆ ಹೊಸ್ತಿಲ ಮೇಲೆ ಕುಳಿತಳು. “ನಿಮ್ಮ ಮಗಳನ್ನ ಕರೀರಿ,” ಎಂದಳು. ಆರು ವರ್ಷದ ಕೂಸಿನ ಮುಂದೆ, ದೊಡ್ಡವರಿಗೆ ಹೇಳಿದ ಹಾಗೆಯೇ, ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದಳು. ಮಗು ಕೇಳಿತು: “ಹಂಗಾದ್ರ ಕಳ್ಳ ಯಾರು?”

“ನಾನವ್ವ.”

ಅವತ್ತು ಒಂಬತ್ತು ಮನೆ ಮುಗಿದವು. ಸೋಮವಾರಕ್ಕೊಮ್ಮೆ ಆಕೆ ಈಗಲೂ ಹೋಗುತ್ತಾಳೆ. ಹತ್ತೊಂಬತ್ತಾಗಿದೆ, ಹನ್ನೆರಡು ಉಳಿದಿದೆ. ಕರಿಬಸಯ್ಯನಿಗೆ ಎರಡು ಮದುವೆ ಪೂಜೆ ತಪ್ಪಿವೆ, ಹೆಂಡತಿಯೊಡನೆ ಮಾತು ಬಿಟ್ಟಿದ್ದಾನೆ. ಗೊರೇಬಾಳದಿಂದ ಏನೂ ಸುದ್ದಿ ಇಲ್ಲ. ಸುದ್ದಿ ಬರಬೇಕೆಂದು ಕೇಳುವ ಹಕ್ಕು ತನಗಿಲ್ಲವೆಂಬುದು ಕಸ್ತೂರೆಮ್ಮನಿಗೆ ತಿಳಿದಿದೆ.

ಈಕೆಯನ್ನು ಬೈಯಲು ನಿಮಗೆ ಅನುಕೂಲವಾಗಿದೆ ಅಲ್ಲವೇ? ಬೈಯಿರಿ, ಆಕೆ ಬೈಸಿಕೊಳ್ಳಬೇಕಾದವಳೇ. ಆದರೆ ನೀವೂ ಒಬ್ಬನ ಹೆಸರು ಹೇಳಿದ್ದೀರಿ. ಕಿರಾಣಿ ಅಂಗಡಿಯಲ್ಲೋ, ಆಫೀಸಿನಲ್ಲೋ, ಓಣಿಯ ವಾಟ್ಸಾಪ್ ಗುಂಪಿನಲ್ಲೋ “ಅವನೇ ಇರಬೇಕು” ಎಂದಿದ್ದೀರಿ. ಆಮೇಲೆ ಸಾಮಾನು ಸಿಕ್ಕಿದೆ, ನೀವು ಸುಮ್ಮನಿದ್ದೀರಿ. ಆ ಮನುಷ್ಯನ ಹೆಸರು ಈಗ ನಿಮ್ಮ ನಾಲಿಗೆಯ ತುದಿಗೆ ಬಂದಿದೆ. ಏಳಿ. ಎಲ್ಲಿ ನಿಂತು ಹೇಳಿದ್ದಿರೋ ಅಲ್ಲಿಗೇ ಹೋಗಿ, ಯಾರ ಮುಂದೆ ಹೇಳಿದ್ದಿರೋ ಅವರ ಮುಂದೆಯೇ, ಅಷ್ಟೇ ದೊಡ್ಡ ದನಿಯಲ್ಲಿ, ಅದನ್ನು ಹಿಂದಕ್ಕೆ ತೆಗೆದುಕೊಳ್ಳಿ. ಇವತ್ತೇ.